ಬ್ರೌಸರ್‌ನ ಆ್ಯಡ್‌ವೇರ್: ತೆಗೆದರೂ ಮತ್ತೆ ಏಕೆ ಬರುತ್ತದೆ?

ಆ್ಯಡ್‌ವೇರ್ ಎಂದರೆ ಬೇಡದ ಜಾಹೀರಾತು ತೋರಿಸುವ ತಂತ್ರಾಂಶ. ಅದರ ಕಾಟ ಹೆಚ್ಚಾದಾಗ ಬಹಳ ಜನ ಮೊದಲು ಮಾಡುವುದು ಬ್ರೌಸರನ್ನೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳುವುದು. ಸಾಮಾನ್ಯವಾಗಿ ಇದರಿಂದ ಪ್ರಯೋಜನವಿಲ್ಲ. ಬ್ರೌಸರ್ ಹೋದರೂ ಅದರ ಸೆಟ್ಟಿಂಗ್‌ಗಳಿರುವ ಪ್ರೊಫೈಲ್ ಫೋಲ್ಡರ್ ಡಿಸ್ಕ್‌ನಲ್ಲಿ ಉಳಿದಿರಬಹುದು. ಅದೂ ಹೋಗಿದ್ದರೆ, ಖಾತೆಗೆ ಲಾಗಿನ್ ಆದ ಕೂಡಲೇ ಸಿಂಕ್ (ಖಾತೆಯಲ್ಲಿ ಉಳಿದಿದ್ದನ್ನು ಬ್ರೌಸರ್‌ಗೆ ತರುವ ಸೌಲಭ್ಯ) ಕಾಟ ಕೊಡುವ ಎಕ್ಸ್‌ಟೆನ್ಶನ್ ಅನ್ನು, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಕಿರು ತಂತ್ರಾಂಶವನ್ನು, ಮರಳಿ ತಂದು ಕೂರಿಸುತ್ತದೆ. ಆ್ಯಡ್‌ವೇರ್ ತೆಗೆಯುವ ಮುಂಚೆ ಅದು ಎಲ್ಲಿ ಕೂತಿದೆ ಎಂದು ಪತ್ತೆ ಮಾಡಲೇಬೇಕು.

ಜಾಹೀರಾತೇ ಇಲ್ಲದ ವಿಕಿಪೀಡಿಯದಂಥ ತಾಣವನ್ನು ತೆರೆದು ನೋಡಿ. ಅಲ್ಲೂ ಜಾಹೀರಾತು ಕಂಡರೆ ತೊಂದರೆ ನಿಮ್ಮ ಕಡೆಯದೇ. ಆಮೇಲೆ ಕ್ರೋಮ್‌ನಲ್ಲಿ ಗೆಸ್ಟ್ ವಿಂಡೋ ತೆರೆಯಿರಿ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ. ಗೆಸ್ಟ್‌ನಲ್ಲಿ ಎಲ್ಲ ಸರಿಯಿದ್ದರೆ ಅನುಮಾನ ಎಕ್ಸ್‌ಟೆನ್ಶನ್ ಮೇಲೆ. ಅಲ್ಲೂ ಅದೇ ಕಾಟವಿದ್ದರೆ ಬ್ರೌಸರ್‌ನ ಹೊರಗೆ, ಅಂದರೆ ಯಾವುದೋ ಪ್ರೋಗ್ರಾಮ್‌ನಲ್ಲೋ ಪ್ರಾಕ್ಸಿ (ಇಂಟರ್‌ನೆಟ್ ಸಂಪರ್ಕ ಹಾದುಹೋಗುವ ಮಧ್ಯವರ್ತಿ) ಸೆಟ್ಟಿಂಗ್‌ನಲ್ಲೋ ಹುಡುಕಬೇಕು. ಅದೇ ವೈಫೈನಲ್ಲಿರುವ ಫೋನ್‌ಗಳಲ್ಲೂ ಹೀಗೇ ಆಗುತ್ತಿದ್ದರೆ ರೌಟರ್‌ನ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಸೆಟ್ಟಿಂಗ್ ನೋಡಿ.

ಪರದೆಯ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ" ಎಂದು ಹಾರಿ ಬರುವುದು ಹೆಚ್ಚಾಗಿ ಆ್ಯಡ್‌ವೇರ್ ಅಲ್ಲ, ನೋಟಿಫಿಕೇಶನ್. "ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎಂದ ಯಾವುದೋ ಪುಟಕ್ಕೆ ಅನುಮತಿ ಸಿಕ್ಕಿರುತ್ತದೆ, ಅಷ್ಟೆ. ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಗುರುತಿಲ್ಲದ ತಾಣಗಳನ್ನು ಬ್ಲಾಕ್ ಮಾಡಿ. ರಿಮೂವ್ ಮಾತ್ರ ಮಾಡಿದರೆ ಅದೇ ತಾಣ ಮತ್ತೆ ಅನುಮತಿ ಕೇಳಬಹುದು.

ಎಕ್ಸ್‌ಟೆನ್ಶನ್‌ಗಳ ವಿಷಯದಲ್ಲಿ "ಇದು ವರ್ಷಗಳಿಂದ ಇದೆ, ಹಾಗಾಗಿ ಸುರಕ್ಷಿತ" ಎಂಬ ಲೆಕ್ಕ ನಡೆಯುವುದಿಲ್ಲ. ಬಳಸದ ಟ್ಯಾಬ್‌ಗಳನ್ನು ತಡೆಹಿಡಿಯುವ ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಶನ್ ಬಹುಜನಪ್ರಿಯವಾಗಿತ್ತು. 2020ರಲ್ಲಿ ಅದರ ಮಾಲೀಕತ್ವ ಬದಲಾಯಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಹೇಳಿ ಸ್ಟೋರ್‌ನಿಂದ ತೆಗೆಯಿತು. ಅಪ್‌ಡೇಟ್ ತಾನಾಗಿಯೇ ಬರುವುದರಿಂದ ಬಳಕೆದಾರರಿಗೆ ಏನೂ ಗೊತ್ತಾಗುವುದಿಲ್ಲ. ಮೊದಲು ಸಿಂಕ್ ನಿಲ್ಲಿಸಿ. ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತ ನೋಡಿ. ಎಲ್ಲ ತಾಣಗಳ ಡೇಟಾ ಓದುವ, ಬದಲಿಸುವ ಅನುಮತಿ ಇರುವುದನ್ನು ಮೊದಲು ಪರೀಕ್ಷಿಸಿ. ಕ್ಯಾಲ್ಕುಲೇಟರ್‌ಗೋ ಹವಾಮಾನ ತೋರಿಸುವುದಕ್ಕೋ ಆ ಅನುಮತಿ ಏಕೆ ಬೇಕು?

ನಿಜವಾದ ತಲೆನೋವು ರಿಮೂವ್ ಗುಂಡಿಯೇ ಇಲ್ಲದಾಗ. ಮೆನುವಿನ ಕೊನೆಯಲ್ಲಿ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಎಂದು ಕಾಣುತ್ತದೆ, ಆದರೆ ಕಂಪ್ಯೂಟರ್ ಮನೆಯದು. ಕಂಪನಿಗಳು ಬ್ರೌಸರ್‌ಗೆ ನಿಯಮ ಹೇರಲೆಂದು ಇರುವ ಪಾಲಿಸಿ ಸೌಲಭ್ಯವನ್ನು ಆ್ಯಡ್‌ವೇರ್ ಬಳಸಿಕೊಂಡಿದೆ ಎಂದರ್ಥ. ವಿಳಾಸದ ಜಾಗದಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಎಂದು ಟೈಪಿಸಿದರೆ ಜಾರಿಯಲ್ಲಿರುವ ಪಾಲಿಸಿಗಳು ಕಾಣುತ್ತವೆ. "ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್" (ಬಲವಂತವಾಗಿ ಹಾಕಿಸುವ ಎಕ್ಸ್‌ಟೆನ್ಶನ್‌ಗಳ ಪಟ್ಟಿ) ಇದ್ದರೆ ಅದರ ಎದುರಿನ 32 ಅಕ್ಷರಗಳ ಐಡಿಯನ್ನು ಬರೆದಿಟ್ಟುಕೊಳ್ಳಿ.

ಇಲ್ಲಿ ಕ್ರಮ ತಪ್ಪಿದರೆ ಶ್ರಮ ವ್ಯರ್ಥ. ಪಾಲಿಸಿ ಬರೆದ ಪ್ರೋಗ್ರಾಮ್ ಜೀವಂತವಾಗಿದ್ದರೆ ನೀವು ಅಳಿಸಿದ್ದನ್ನು ಅದು ಮತ್ತೆ ಬರೆಯುತ್ತದೆ. ಆದ್ದರಿಂದ ವಿಂಡೋಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ಕಾಟ ಶುರುವಾದ ಹೊತ್ತಿಗೆ ಬಂದ ಅಪರಿಚಿತ ಪ್ರೋಗ್ರಾಮನ್ನು ತೆಗೆಯಿರಿ. ನಂತರ, ಗೊತ್ತುಪಡಿಸಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದರ ಹೆಸರಿನ, ಅಥವಾ ಬ್ರೌಸರ್‌ಗೆ ವಿಳಾಸ ಕೊಟ್ಟು ತೆರೆಸುವ ಟಾಸ್ಕ್ ಇದ್ದರೆ ಅಳಿಸಿ. ಕೊನೆಗೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿ (ರಿಜಿಸ್ಟ್ರಿ ಎಡಿಟರ್‌ನಲ್ಲಿ ತೆರೆಯಿರಿ): ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್. ಮೊದಲು ಎಕ್ಸ್‌ಪೋರ್ಟ್ ಮಾಡಿ ಬ್ಯಾಕಪ್ ಇಟ್ಟು, ಬರೆದಿಟ್ಟುಕೊಂಡ ಐಡಿಯ ನಮೂದನ್ನು ಮಾತ್ರ ಅಳಿಸಿ. ಕೆಲವು ಸಾಚಾ ತಂತ್ರಾಂಶಗಳೂ ಇಲ್ಲಿ ಪಾಲಿಸಿ ಬರೆಯುತ್ತವೆ. ಎಚ್‌ಕೀ ಕರೆಂಟ್ ಯೂಸರ್‌ನಲ್ಲೂ ಅದೇ ದಾರಿ ನೋಡಿ. ಪಾಲಿಸಿ ಪುಟದಲ್ಲಿ ರೀಲೋಡ್ ಒತ್ತಿ. ಮ್ಯಾಕ್‌ನಲ್ಲಿ ಇದೇ ಕೆಲಸವನ್ನು ಕಾನ್ಫಿಗರೇಶನ್ ಪ್ರೊಫೈಲ್ ಮಾಡುತ್ತದೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಫೈಲ್ಸ್ ಎಂದು ಹುಡುಕಿ. ಕಚೇರಿಯ ಕಂಪ್ಯೂಟರ್ ಆಗಿದ್ದರೆ ಇದ್ಯಾವುದನ್ನೂ ಮುಟ್ಟಬೇಡಿ, ಐಟಿ ವಿಭಾಗಕ್ಕೆ ತಿಳಿಸಿ.

ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ಟಾರ್ಗೆಟ್‌ನ ಕೊನೆಗೆ ಯಾವುದಾದರೂ ಜಾಲತಾಣದ ವಿಳಾಸ ಅಂಟಿದೆಯೇ ನೋಡಿ.

ಹಳೆಯ ಲೇಖನಗಳು ಕ್ರೋಮ್‌ನ ಕ್ಲೀನಪ್ ಟೂಲ್ ಬಳಸಿ ಎನ್ನುತ್ತವೆ. ಗೂಗಲ್ ಅದನ್ನು 2023ರಲ್ಲೇ ನಿಲ್ಲಿಸಿದೆ. ಅಂಥ ಹೆಸರಿನಲ್ಲಿ ಹುಡುಕಾಟದ ಜಾಹೀರಾತಿನಲ್ಲಿ ಕಾಣುವ ಡೌನ್‌ಲೋಡ್‌ಗಳನ್ನು ಮುಟ್ಟಬೇಡಿ. ಆ್ಯಡ್‌ವೇರ್ ತೆಗೆಯುತ್ತೇನೆಂದು ಬರುವ ಆ್ಯಡ್‌ವೇರ್‌ಗೆ ಬರವಿಲ್ಲ. ವಿಂಡೋಸ್ ಸೆಕ್ಯುರಿಟಿಯ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್‌ನಲ್ಲಿ ಅನಗತ್ಯ ಆ್ಯಪ್ ತಡೆಯುವ ಸ್ವಿಚ್ ಇದೆ, ಅದನ್ನು ಆನ್ ಮಾಡಿ. ಇನ್ನೂ ಬೇಕೆಂದರೆ ಮಾಲ್‌ವೇರ್‌ಬೈಟ್ಸ್‌ನ ಸ್ವಂತ ತಾಣದಿಂದ ಆ್ಯಡ್‌ವೇರ್ ತೆಗೆಯುವ ಆ್ಯಡ್‌ಡಬ್ಲ್ಯುಕ್ಲೀನರ್ (AdwCleaner) ಇಳಿಸಿಕೊಳ್ಳಿ.

ಬ್ರೌಸರ್ ರೀಸೆಟ್ ಇವೆಲ್ಲ ಆದ ಮೇಲೆ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಹಾಗೇ ಉಳಿಯುತ್ತವೆ. ಹೋಮ್‌ಪೇಜ್ ಮತ್ತು ಸರ್ಚ್ ಎಂಜಿನ್ ಮೊದಲಿನ ಸ್ಥಿತಿಗೆ ಬರುತ್ತವೆ. ಪಾಲಿಸಿಯನ್ನು ಮಾತ್ರ ಅದು ಅಳಿಸುವುದಿಲ್ಲ.

ಎಲ್ಲ ತಾಣಗಳನ್ನು ಓದುವ ಅನುಮತಿ ಆ ಎಕ್ಸ್‌ಟೆನ್ಶನ್‌ಗೆ ಇದ್ದಿದ್ದರೆ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಸಾಧನದಿಂದ ಬದಲಿಸಿ. ಜೊತೆಗೆ ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಆಗಿ. ಕದ್ದ ಲಾಗಿನ್ ಕುಕಿ (ನೀವು ಲಾಗಿನ್ ಆಗಿದ್ದೀರೆಂದು ತಾಣಕ್ಕೆ ತಿಳಿಸುವ ಗುರುತು), ಪಾಸ್‌ವರ್ಡ್ ಬದಲಾದರೂ ಕೆಲವು ತಾಣಗಳಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.