ಹಾಳೆಯ ಮೇಲಿನ ಚರಂಡಿ

ಸೇನೆಯಲ್ಲಿ ನಾನಿದ್ದದ್ದು ಇಂಜಿನಿಯರ್ ರೆಜಿಮೆಂಟಿನಲ್ಲಿ. ಕಾರ್ಗಿಲ್ ಅಂದ ಕೂಡಲೇ ಜನ ಬಂದೂಕು ಹಿಡಿದು ಬೆಟ್ಟ ಹತ್ತಿದ ಕಥೆ ಕೇಳುತ್ತಾರೆ. ನಮ್ಮ ಪಾಲಿಗೆ ಬಂದದ್ದು ರಸ್ತೆ, ಸೇತುವೆ, ಬಂಕರು, ಮೈನು ಅಂದರೆ ನೆಲಬಾಂಬ್. 1999ರಲ್ಲಿ ದ್ರಾಸ್ ಬಳಿಯ ತೋಲೋಲಿಂಗ್ ಬೆಟ್ಟದ ಮೇಲೆ ಕೂತ ಪಾಕಿಸ್ತಾನಿ ಸೈನಿಕರು ಶ್ರೀನಗರ–ಲೇಹ್ ಹೆದ್ದಾರಿಗೆ ಶೆಲ್ ಸುರಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ನನ್ನನ್ನು ರೂಪಿಸಿದ್ದು ಆಮೇಲೆ ಬಂದ ಆಪರೇಷನ್ ಪರಾಕ್ರಮ್, ಪಾಕಿಸ್ತಾನದ ಗಡಿಗೆ ಸೇನೆಯನ್ನು ಜಮಾಯಿಸಿದ ಕಾರ್ಯಾಚರಣೆ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಅದರ ಬೆನ್ನಿಗೇ ರಾಜಸ್ಥಾನದ ಗಡಿಯಲ್ಲಿ ನೆಲಬಾಂಬ್ ಹೂಳುವ ಕೆಲಸ ಬಿತ್ತು. ಹೂತ ಪ್ರತಿ ಸಾಲಿಗೂ ದಾಖಲೆ ಬರೆಯಬೇಕು: ಗುರುತಿನ ಕಂಬದಿಂದ ಯಾವ ದಿಕ್ಕು, ಎಷ್ಟು ದೂರ, ಯಾವ ಬಗೆಯ ಮೈನು. 2002ರ ಅಕ್ಟೋಬರಿನಲ್ಲಿ ಸೇನೆ ವಾಪಸಾಗುವ ತೀರ್ಮಾನ ಬಂದಾಗ ಅದೇ ಹಾಳೆ ಹಿಡಿದು ತೆಗೆಯಲು ಇಳಿದರು. ಬರೆದವನು ಒಬ್ಬ, ಕಾಲಿಡುವವನು ಇನ್ನೊಬ್ಬ. ಮರುಭೂಮಿಯ ಮರಳು ಸರಿದು, ದಾಖಲೆ ಸರಿಯಿದ್ದ ಕಡೆಯೂ ಹುಡುಗರು ಕಾಲು ಕಳೆದುಕೊಂಡರು. ಅಳೆಯದೆ ಅಳತೆ ಬರೆಯುವುದನ್ನು ಸಣ್ಣ ತಪ್ಪು ಅಂತ ಎಣಿಸುವುದು ಅಂದಿನಿಂದ ನನ್ನಿಂದ ಆಗಿಲ್ಲ.

ಪಿಂಚಣಿ ಪಡೆದು ದಾವಣಗೆರೆಗೆ ಬಂದೆ. ಹೊರಗಿನವರಿಗೆ ಇದು ಬೆಣ್ಣೆದೋಸೆಯ ಊರು, ಹಿರಿಯರಿಗೆ ಕಾಟನ್ ಮಿಲ್ಲಿನ ಊರು. ರಾತ್ರಿ ಒಂಬತ್ತರ ಮೇಲೆ ಇದಕ್ಕೆ ಇನ್ನೊಂದು ಮುಖವಿದೆ. ಕಚೇರಿಯಲ್ಲಿ ಹಗಲು ಅಲ್ಲಾಡದ ಫೈಲು ಆ ಹೊತ್ತಿಗೆ ಯಾವುದೋ ಲಾಡ್ಜಿನ ಮೇಲಿನ ಕೋಣೆಯಲ್ಲೋ, ನಿಲ್ಲಿಸಿದ ಕಾರಿನೊಳಗೋ ಅಲ್ಲಾಡುತ್ತದೆ. ಯಾರಿಗೆ ಎಷ್ಟು ಪರ್ಸೆಂಟ್ ಅನ್ನುವುದು ಬೀದಿಬದಿಯ ಟೀ ಅಂಗಡಿಯವನಿಗೂ ಗೊತ್ತಿರುತ್ತದೆ.

ಮಂಡಕ್ಕಿ ಭಟ್ಟಿಗಳ ಕಡೆಯ ಓಣಿಯೊಂದರ ತಾಯಿ ಒಂದು ಬೆಳಿಗ್ಗೆ ಮನೆಗೆ ಬಂದರು. ಹಿಂದಿನ ರಾತ್ರಿಯ ಮಳೆಗೆ ಚರಂಡಿ ನೀರು ಒಳಗೆ ನುಗ್ಗಿ, ಉಪ್ಪು ಹಾಕಿ ಒಣಗಿಸಿಟ್ಟಿದ್ದ ಅಕ್ಕಿಯೆಲ್ಲ ಹಾಳಾಗಿತ್ತು. "ಮಿಲಿಟ್ರಿ ಅಣ್ಣಾ, ಚರಂಡಿ ಕಟ್ಟಿದ್ದೀವಿ ಅಂತ ಬೋರ್ಡ್ ಹಾಕ್ಯಾರೆ. ನೀರು ಹೋಗೋದು ಮಾತ್ರ ನಮ್ಮ ಮನೆಗೆ" ಅಂದರು.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಆ ಚರಂಡಿಯ ಅಂದಾಜು ಪಟ್ಟಿಯನ್ನೂ ಅಳತೆ ಪುಸ್ತಕದ ನಕಲನ್ನೂ ಕೇಳಿದೆ. 30 ದಿನ ಕಳೆದರೂ ಸುದ್ದಿಯಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ನಕಲು ಕೈಗೆ ಬಂತು. ಎಂ.ಬಿ. (ಮೆಷರ್ಮೆಂಟ್ ಬುಕ್) ಅಂತ ಎಲ್ಲರೂ ಕರೆಯುವ ಈ ಅಳತೆ ಪುಸ್ತಕದ ಪುಟಗಳಿಗೆ ಮೊದಲೇ ಸಂಖ್ಯೆ ಅಚ್ಚಾಗಿರುತ್ತದೆ. ಹಾಳೆ ಹರಿಯುವಂತಿಲ್ಲ, ಅಳಿಸಿ ಬರೆಯುವಂತಿಲ್ಲ, ಅಳತೆಯನ್ನು ಜಾಗದಲ್ಲೇ ನಿಂತು ಬರೆಯಬೇಕು. ಬಿಲ್ಲು ಹುಟ್ಟುವುದೇ ಇದರಿಂದ. ನನಗೆ ಸಿಕ್ಕ ಪುಟಗಳಲ್ಲಿ ಮೂರು ಬೇರೆ ಬೇರೆ ತಾರೀಖು ಇದ್ದವು. ಪೆನ್ನು ಒಂದೇ, ಅಕ್ಷರದ ಓಟ ಒಂದೇ. ಒಂದು ಕಡೆಯೂ ಚಿತ್ತಿಲ್ಲ. ಬಿಸಿಲಲ್ಲಿ ಟೇಪ್ ಹಿಡಿದು ಬರೆದವನ ಅಕ್ಷರ ಅಷ್ಟು ಶುದ್ಧವಾಗಿ ಇರಲು ಸಾಧ್ಯವೇ ಇಲ್ಲ.

ಅದೇ ಕಾಯ್ದೆಯ ಸೆಕ್ಷನ್ 2(ಜೆ) ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕು. ಕಾಗದದ ನಕಲಷ್ಟೇ ಅಲ್ಲ, ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಅದನ್ನೇ ಕೇಳಿದೆ. ಗೊತ್ತುಮಾಡಿದ ದಿನ ಒಬ್ಬ ಕಿರಿಯ ಇಂಜಿನಿಯರ್ ಬಂದ. ನನ್ನ ತಂಗಿಯ ಮಗನ ವಯಸ್ಸು. ಜೊತೆಗೆ ಗುತ್ತಿಗೆದಾರನ ಕಡೆಯ ಒಬ್ಬ, ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು.

ಟೇಪಿನ ಒಂದು ತುದಿಯನ್ನು ಆ ತಾಯಿಯೇ ಹಿಡಿದರು. ಪುಸ್ತಕದಲ್ಲಿ 212 ಮೀಟರ್. ನೆಲದ ಮೇಲೆ 148ಕ್ಕೆ ಚರಂಡಿ ಮುಗಿದು, ಮುಂದೆ ಬರೀ ಕೆಸರು. ಗೋಡೆಯ ದಪ್ಪ ಪುಸ್ತಕದಲ್ಲಿ 15 ಸೆಂಟಿಮೀಟರ್. ಒಡೆದ ಅಂಚಿಗೆ ಸ್ಕೇಲ್ ಇಟ್ಟರೆ ಒಂಬತ್ತು. ಆ ಅಂಚನ್ನು ಬೆರಳಲ್ಲಿ ಒತ್ತಿದೆ, ಜಲ್ಲಿ ಉದುರಿ ಅಂಗೈಗೆ ಬಂತು; ಸಿಮೆಂಟಿನ ಬಣ್ಣಕ್ಕಿಂತ ಕಲ್ಲುಪುಡಿಯ ಬಣ್ಣವೇ ಜಾಸ್ತಿ. ಹದಿನೈದು ಸೆಂಟಿಮೀಟರಿಗೊಂದು ಇರಬೇಕಾದ ಕಂಬಿ ಮೊಳ ದೂರಕ್ಕೊಂದು ಇಣುಕುತ್ತಿತ್ತು. ಒಡೆದ ತುಂಡನ್ನು ಬಟ್ಟೆ ಚೀಲಕ್ಕೆ ಹಾಕಿ, ದಾರ ಬಿಗಿದು, ಅರಗು ಒತ್ತಿ ಎಲ್ಲರ ಸಹಿ ತೆಗೆದುಕೊಂಡೆ.

ಇಂಜಿನಿಯರ್ ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ನಾನು ಈ ಓಣಿಗೆ ಇವತ್ತೇ ಮೊದಲು ಬಂದಿದ್ದು. ಚೀಟಿ ಕೊಟ್ಟರು, ಅದರಲ್ಲಿದ್ದದ್ದನ್ನ ಪುಸ್ತಕಕ್ಕೆ ಏರಿಸಿದೆ."

"ಕೊಟ್ಟೋರು ಯಾರಪ್ಪ?"

ಅವನು ಮಾತಾಡಲಿಲ್ಲ. ಸಿಟ್ಟು ನೆತ್ತಿಗೇರಿತ್ತು, ಹುಡುಗನ ಮುಖ ನೋಡಿ ಮರುಕವೂ ಆಯಿತು. ಸಿಕ್ಕಿಬಿದ್ದರೆ ಬೀಳುವುದು ಸಹಿ ಹಾಕಿದ ಇವನು. ಚೀಟಿ ಕೊಟ್ಟ ಕೈಯ ಗುರುತು ಎಲ್ಲೂ ಇಲ್ಲ. "ನಿನ್ನ ಮಾತನ್ನ ಬರವಣಿಗೆಯಲ್ಲಿ ಕೊಟ್ಟರೆ ನಿನಗೇ ಒಳ್ಳೇದು" ಎಂದಷ್ಟೇ ಹೇಳಿದೆ.

ಅವತ್ತು ರಾತ್ರಿ ಬಿಳಿ ಅಂಗಿಯವನು ಫೋನ್ ಮಾಡಿ ಹಳೇ ಪಿ.ಬಿ. ರಸ್ತೆಯ ಒಂದು ಮಿರ್ಚಿ-ಮಂಡಕ್ಕಿ ಅಂಗಡಿಗೆ ಕರೆದ. ಹೋದೆ, ಎದುರಿಗಿರುವವನು ಯಾರೆಂದು ತಿಳಿಯದೆ ಮನೆಯಲ್ಲಿ ಕೂರುವ ಅಭ್ಯಾಸ ನನಗಿಲ್ಲ. ಕರೆಂಟ್ ಹೋಗಿತ್ತು, ಎಣ್ಣೆ ಬಾಣಲೆಯ ಕೆಳಗಿನ ಉರಿಯೇ ಬೆಳಕು. ಪೇಪರಿನಲ್ಲಿ ಸುತ್ತಿದ ಕಟ್ಟೊಂದನ್ನು ತಟ್ಟೆಯ ಪಕ್ಕ ಇಟ್ಟ.

"ಅಣ್ಣಾ, ನೀವು ದೇಶ ಕಾದೋರು. ನಿಮ್ಮಂಥೋರ ಮನೆ ಇನ್ನೂ ಶೀಟಿಂದು ಐತೆ. ನಮಗೇ ಬ್ಯಾಸರ ಆಗ್ತೈತಿ."

ನಾನು ಕಟ್ಟು ಮುಟ್ಟಲಿಲ್ಲ. ಅವನು ದನಿ ಏರಿಸಲಿಲ್ಲ. "ಮಗಳು ಸಂಜೆ ಟ್ಯೂಷನ್ನಿಂದ ಒಬ್ಬಳೇ ನಡ್ಕೊಂಡು ಬರ್ತಾಳಲ್ಲ. ಆ ದಾರೀಲಿ ಬೀದಿದೀಪ ಇಲ್ಲ, ನೋಡ್ಕೊಳ್ರಿ" ಅಂದ.

ಜೇಬಿನಿಂದ ಪುಸ್ತಕ ತೆಗೆದೆ. ತಾರೀಖು, ಗಂಟೆ, ಅಂಗಡಿ, ಅವನು ಆಡಿದ ಮಾತು, ಬಾಣಲೆಯ ಬೆಳಕಲ್ಲಿ ಅವನ ಕಣ್ಣೆದುರೇ ಬರೆದೆ. "ನಿಮ್ಮ ಪೂರ್ತಿ ಹೆಸರು, ತಂದೆ ಹೆಸರು ಹೇಳ್ರಿ, ಅಕ್ಷರ ತಪ್ಪಾಗಬಾರದು" ಅಂದೆ. ಅವನ ಕಣ್ಣು ಪೆನ್ನಿನ ತುದಿಗೆ ಅಂಟಿತ್ತು. ಅಲ್ಲಿವರೆಗಿನ ನಯ ಇಳಿದುಹೋಯಿತು. ಕಟ್ಟು ಎತ್ತಿಕೊಂಡು, ಮಿರ್ಚಿಯನ್ನು ಅಲ್ಲೇ ಬಿಟ್ಟು ಹೊರಟ. ಅಂಗಡಿಯವರು ಸಾಕ್ಷಿಯಾಗಿ ಸಹಿ ಹಾಕಿದರು. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು, ಸ್ವೀಕೃತಿ ತೆಗೆದುಕೊಂಡೇ ಮನೆಗೆ ಬಂದೆ. ಮಗಳಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಅವಳು ಟ್ಯೂಷನ್ ಬಿಡಲಿಲ್ಲ. ಗೆಳತಿಯ ಜೊತೆ ಬರಲು ಶುರುಮಾಡಿದಳು.

ಆ ಕಟ್ಟನ್ನು ತೆಗೆದುಕೊಂಡಿದ್ದರೆ? ನಾನು ಸರ್ಕಾರಿ ನೌಕರನಲ್ಲ, ಹಾಗಾಗಿ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಅದು ಲಂಚವೇ ಆಗುವುದಿಲ್ಲ ಅಂತ ವಕೀಲರು ಆಮೇಲೆ ವಿವರಿಸಿದರು. ಮಾಹಿತಿ ಹಕ್ಕಿನ ಹೆಸರಲ್ಲಿ ಅರ್ಜಿ ಹಾಕಿ, ದುಡ್ಡು ಎಣಿಸಿಕೊಂಡು ವಾಪಸ್ ತೆಗೆಯುವವರು ಇದ್ದಾರೆ. ಗುತ್ತಿಗೆದಾರನಷ್ಟೇ ದ್ರೋಹ ಅವರದೂ. ಅವರಿಂದಾಗಿಯೇ ನಮ್ಮಂಥವರ ಮುಖ ಕಂಡರೆ ಗುಮಾಸ್ತರು "ಇವನಿಗೆ ಎಷ್ಟು ಬೇಕಂತೆ" ಅಂತ ಕಣ್ಸನ್ನೆ ಮಾಡುತ್ತಾರೆ.

ಚರಂಡಿಯ ಅಕ್ರಮದ ದೂರು ಎಲ್ಲಿಗೆ ಅನ್ನುವುದರಲ್ಲಿ ಗೊಂದಲವಿರಲಿಲ್ಲ. 2016ರಲ್ಲಿ ಹುಟ್ಟಿದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) 2022ರ ಆಗಸ್ಟಿನಲ್ಲಿ ಹೈಕೋರ್ಟ್ ರದ್ದು ಮಾಡಿದ್ದರಿಂದ ಅಧಿಕಾರವೆಲ್ಲ ಮತ್ತೆ ಲೋಕಾಯುಕ್ತಕ್ಕೇ ಬಂದಿತ್ತು. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ, ನೋಟರಿ ಮುದ್ರೆ, ಎಂ.ಬಿ. ನಕಲು, ಫೋಟೊ, ಪರಿಶೀಲನೆ ದಿನದ ಸಹಿಗಳು, ಎಲ್ಲ ಸೇರಿಸಿ ಕೊಟ್ಟೆ. ಕೆಲವು ವಾರದ ಮೇಲೆ ಆ ಇಂಜಿನಿಯರ್ ಹುಡುಗ ತಾನೂ ಒಂದು ಹೇಳಿಕೆ ಬರೆದು ವಿಚಾರಣೆಗೆ ಸಲ್ಲಿಸಿದ. ಚೀಟಿ ಕೊಟ್ಟವರ ಹೆಸರು ಅದರಲ್ಲಿದೆ. ಅದನ್ನು ಬರೆಯಲು ಅವನಿಗೆ ಬೇಕಾದ ಧೈರ್ಯ ದ್ರಾಸ್‌ನಲ್ಲಿ ನನಗೆ ಬೇಕಾದದ್ದಕ್ಕಿಂತ ಕಡಿಮೆಯದಲ್ಲ. ನನ್ನ ಹಿಂದೆ ಇಡೀ ರೆಜಿಮೆಂಟ್ ಇತ್ತು, ಅವನು ನಾಳೆ ಬೆಳಿಗ್ಗೆ ಅದೇ ಕಚೇರಿಗೆ ಒಬ್ಬನೇ ಹೋಗಬೇಕು.

ಅಂತಿಮ ಬಿಲ್ಲು ತಡೆಹಿಡಿದಿದ್ದಾರೆ, ವಿಚಾರಣೆ ನಡೆಯುತ್ತಿದೆ. ಉಳಿದ 64 ಮೀಟರ್ ಚರಂಡಿ ಮಾತ್ರ ಇನ್ನೂ ಆಗಿಲ್ಲ. ಅದನ್ನು ಕಟ್ಟಿಸಲು ಗುತ್ತಿಗೆದಾರನಿಗೆ ಕೊಟ್ಟ ನೋಟಿಸಿನ ನಕಲು ಕೇಳಿ ಹೊಸದೊಂದು ಅರ್ಜಿ ಹಾಕಿದ್ದೇನೆ. ಈ ಸಲ ಅರ್ಜಿದಾರರ ಜಾಗದಲ್ಲಿ ಸಹಿ ಆ ತಾಯಿಯದು.