ಒಳಗಿನಿಂದ ಮೂರು ತಟ್ಟು

ರಿವೆಟ್ ಅಂದರೆ ತಗಡುಗಳನ್ನು ಸೇರಿಸುವ ಲೋಹದ ಮೊಳೆ. ಅದನ್ನು ಹೊಡೆಯಲು ಇಬ್ಬರು ಬೇಕು. ಹೊರಗೆ ರಿವೆಟ್ ಗನ್ ಹಿಡಿದವನು, ಒಳಗೆ ಬಕಿಂಗ್ ಬಾರ್, ಅಂದರೆ ರಿವೆಟ್ಟಿನ ತುದಿಗೆ ಒತ್ತಿಹಿಡಿಯುವ ಲೋಹದ ಗಟ್ಟಿ ಹಿಡಿದವನು. ನಡುವೆ ವಿಮಾನದ ಮೈ. ಮುಖ ಕಾಣುವುದಿಲ್ಲ, ಗನ್ನಿನ ಸದ್ದಿಗೆ ಮಾತೂ ಕೇಳುವುದಿಲ್ಲ. ಅದಕ್ಕೇ ಒಳಗಿನವನು ಬಾರ್‌ನಿಂದ ರಿವೆಟ್ಟನ್ನು ತಟ್ಟಿ ಹೇಳುತ್ತಾನೆ. ಒಂದು ತಟ್ಟಿದರೆ ಇನ್ನೂ ಸ್ವಲ್ಪ ಹೊಡಿ ಅಂತ. ಎರಡು ತಟ್ಟಿದರೆ ಸರಿಯಾಯಿತು ಅಂತ. ಮೂರು ತಟ್ಟಿದರೆ ಕೆಟ್ಟಿತು, ತೆಗೆ ಅಂತ. ಆ ದಿನ 90 ರಿವೆಟ್‌ಗಳಿಗೆ ಎರಡೆರಡು ತಟ್ಟು ಬಿದ್ದ ಮೇಲೆ 91ನೆಯದಕ್ಕೆ ಮೂರು ಬಿತ್ತು.

ಆ ದಿನದ ಕೆಲಸ ಎರಡು ಬ್ಯಾರೆಲ್‌ಗಳ ಜೋಡಣೆ. ಬ್ಯಾರೆಲ್ ಅಂದರೆ ವಿಮಾನದ ದುಂಡನೆಯ ಒಡಲಿನ ಒಂದು ತುಂಡು. ಒಂದು ಬ್ಯಾರೆಲ್ ಒಂದು ದೇಶದ ಕಾರ್ಖಾನೆಯದು, ಇನ್ನೊಂದು ಬೇರೆ ದೇಶದ್ದು. ಎರಡೂ ಒಂದೇ ಡ್ರಾಯಿಂಗ್ ನೋಡಿ ಮಾಡಿದವು, ಎರಡಕ್ಕೂ ತಪಾಸಣೆಯ ಮುದ್ರೆ ಬಿದ್ದಿದೆ. ಆದರೂ ಅವು ಮೊದಲ ಸಲ ಎದುರುಬದುರಾಗುವುದು ಜೋಡಣೆಯ ಶೆಡ್ಡಿನಲ್ಲೇ. ಬಹುರಾಷ್ಟ್ರೀಯ ವಿಮಾನ ತಯಾರಿಕೆಯ ಕಷ್ಟವೆಲ್ಲ ಈ ಅಂಚಿಗೆ ಬಂದು ನಿಲ್ಲುತ್ತದೆ. ಏರ್‌ಬಸ್ ಎ380 ವಿಷಯದಲ್ಲಿ ಆದದ್ದು ಇಂಥದ್ದೇ. ಜರ್ಮನಿಯ ಹ್ಯಾಂಬರ್ಗ್‌ನವರೂ ಫ್ರಾನ್ಸಿನ ಟುಲೂಸ್‌ನವರೂ ಒಂದೇ ವಿನ್ಯಾಸ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದರು. ಒಂದು ವಿಮಾನದಲ್ಲಿ 500 ಕಿ.ಮೀ.ಗೂ ಹೆಚ್ಚು ವೈರು. ಜೋಡಿಸಲು ಹೋದಾಗ ಎಷ್ಟೋ ವೈರುಗಳು ಮುಟ್ಟಬೇಕಾದ ಜಾಗವನ್ನು ಮುಟ್ಟಲಿಲ್ಲ. 2006ರಲ್ಲಿ ವಿತರಣೆ ಮತ್ತೆ ಮುಂದಕ್ಕೆ ಹೋಯಿತು. ತಮ್ಮ ತಮ್ಮ ಕಾರ್ಖಾನೆಯೊಳಗೆ ಎಲ್ಲರದೂ ಸರಿಯೇ ಇತ್ತು.

ಬೆಳಿಗ್ಗೆ ಮೊದಲು ಕೈಗೆ ಬಂದದ್ದು ಡ್ರಿಲ್ ಅಲ್ಲ, ಥರ್ಮಾಮೀಟರ್. ಡ್ರಾಯಿಂಗ್‌ನಲ್ಲಿರುವ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದವು. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 23 ಮೈಕ್ರಾನ್, ಅಂದರೆ 0.023 ಮಿ.ಮೀ. ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ 4 ಮೀಟರ್ ವ್ಯಾಸದ ಬ್ಯಾರೆಲ್ಲಿನ ಸುತ್ತಳತೆ ಹನ್ನೆರಡೂವರೆ ಮೀಟರ್. ಶೆಡ್ಡಿನಲ್ಲೇ ಇದ್ದ ಬ್ಯಾರೆಲ್ 25 ಡಿಗ್ರಿ ತೋರಿಸಿತು, ರಾತ್ರಿ ಬಂದು ಬಾಗಿಲ ಬಳಿ ನಿಂತಿದ್ದದ್ದು 19. ಆರು ಡಿಗ್ರಿ ವ್ಯತ್ಯಾಸಕ್ಕೆ ಸುತ್ತಳತೆಯಲ್ಲಿ 1.7 ಮಿ.ಮೀ. ಹೆಚ್ಚುಕಡಿಮೆ. ಈ ಸ್ಥಿತಿಯಲ್ಲಿ ತೂತು ಹೊಂದಿಸಲು ಹೊರಟರೆ ಲೋಹವನ್ನು ಎಳೆದಾಡಿ ಕೂರಿಸಬೇಕಾಗುತ್ತದೆ. ಆ ಎಳೆತ ವಿಮಾನ ಇರುವವರೆಗೂ ಜೋಡಣೆಯೊಳಗೆ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಡಿಗ್ರಿಗೆ ಇಳಿಯುವವರೆಗೆ ಕಾಯುವುದೇ ದಾರಿ. ಕಾದದ್ದಾಯಿತು.

ಜೋಡಣೆ ಹೀಗಿರುತ್ತದೆ. ಹೊರಗಿನ ಎರಡು ತಗಡುಗಳ ಅಂಚುಗಳು ಎದುರುಬದುರು ಕೂರುತ್ತವೆ. ಒಳಗಿನಿಂದ ಎರಡನ್ನೂ ಹಿಡಿಯುವ ಪಟ್ಟಿ ಬರುತ್ತದೆ. ತಗಡು 1.8 ಮಿ.ಮೀ., ಪಟ್ಟಿಯೂ 1.8. ಆ ದಿನದ ಪಟ್ಟಿ ಎರಡು ಮೀಟರಿಗೆ ತುಸು ಕಡಿಮೆ, ಒಂದು ಸಾಲಿಗೆ 96 ರಿವೆಟ್, ರಿವೆಟ್‌ನಿಂದ ರಿವೆಟ್‌ಗೆ 20 ಮಿ.ಮೀ. ರಿವೆಟ್ಟಿನ ವ್ಯಾಸ ಇಂಚಿನ 32ರಲ್ಲಿ 5 ಭಾಗ, ಅಂದರೆ 3.97 ಮಿ.ಮೀ. ತೂತು ಕೊರೆಯಲು 21ನೇ ನಂಬರಿನ ಬಿಟ್, 4.04 ಮಿ.ಮೀ. ಈ 0.07 ಮಿ.ಮೀ. ಸಡಿಲು ಬೇಕೇ ಬೇಕು. ಅದಿಲ್ಲದಿದ್ದರೆ ರಿವೆಟ್ ತುರುಕುವಾಗ ತೂತಿನ ಗೋಡೆ ಗೀರುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾಂಡ ನೆಟ್ಟಗೆ ಉಬ್ಬುವ ಬದಲು ಓರೆಯಾಗುತ್ತದೆ. ರಿವೆಟ್ಟಿನ ಉದ್ದಕ್ಕೆ ಲೆಕ್ಕ ಸುಲಭ: ತಗಡುಗಳ ಒಟ್ಟು ದಪ್ಪ 3.6, ಅದಕ್ಕೆ ವ್ಯಾಸದ ಒಂದೂವರೆ ಪಟ್ಟು, ಅಂದರೆ 6 ಸೇರಿಸಿದರೆ 9.6. ಇಂಚಿನ 16ರಲ್ಲಿ 6 ಭಾಗದ ರಿವೆಟ್ ಹತ್ತಿರ ಹತ್ತಿರ 9.5, ಅದೇ ಸರಿ. ಟ್ರೇಯಿಂದ ತೆಗೆಯುವಾಗ ತಲೆಯ ನಡುವೆ ಚಿಕ್ಕ ಕುಳಿ ಇದೆಯೇ ನೋಡಬೇಕು. ಆ ಕುಳಿ ಎಡಿ ದರ್ಜೆಯ ಗುರುತು, ಇದ್ದ ಹಾಗೇ ಹೊಡೆಯಬಹುದಾದ ಮಿಶ್ರಲೋಹ. ತಲೆಯ ಮೇಲೆ ಎರಡು ಉಬ್ಬು ಗೆರೆಗಳಿದ್ದರೆ ಅದು ಡಿಡಿ. ಅದು ಶೀತಪೆಟ್ಟಿಗೆಯಲ್ಲಿರಬೇಕು, ತೆಗೆದ ಕೆಲವೇ ನಿಮಿಷಗಳಲ್ಲಿ ಹೊಡೆದು ಮುಗಿಸಬೇಕು, ಇಲ್ಲವಾದರೆ ಗಟ್ಟಿಯಾಗಿ ಸೀಳುತ್ತದೆ.

ಗುರುತು ಹಾಕಲು ಪೆನ್ಸಿಲ್ ಮುಟ್ಟಬಾರದು. ಪೆನ್ಸಿಲ್ಲಿನ ಸೀಸ ಅಂದರೆ ಗ್ರಾಫೈಟ್. ಅಲ್ಯೂಮಿನಿಯಂ ಮೇಲೆ ಅದು ಉಳಿದು ತೇವ ಸೇರಿದರೆ ಅಲ್ಲೇ ತುಕ್ಕು ಕೊರೆಯಲು ಶುರುವಾಗುತ್ತದೆ. ಅದಕ್ಕೆ ಮಾರ್ಕರ್ ಪೆನ್ನೇ ಆಗಬೇಕು.

ತಗಡಿನಲ್ಲೂ ಪಟ್ಟಿಯಲ್ಲೂ ಕಾರ್ಖಾನೆಯಿಂದಲೇ 2.5 ಮಿ.ಮೀ.ನ ಚಿಕ್ಕ ತೂತುಗಳು ಬಂದಿರುತ್ತವೆ. ಅವುಗಳನ್ನು ಹೊಂದಿಸಿ ಕ್ಲೆಕೋ ಹಾಕುವುದು ಮುಂದಿನ ಹಂತ. ಕ್ಲೆಕೋ ಸ್ಪ್ರಿಂಗ್ ಇರುವ ತಾತ್ಕಾಲಿಕ ಪಿನ್ನು. ಈ ಅಳತೆಯದು ಬೆಳ್ಳಿ ಬಣ್ಣ, ತೂತು ದೊಡ್ಡದು ಮಾಡಿದ ಮೇಲೆ ಹಾಕುವುದು ಕಪ್ಪು. ಮೊದಲ ಕ್ಲೆಕೋ ಸಾಲಿನ ನಡುವೆ ಹಾಕಬೇಕು, ಆಮೇಲೆ ಎಡಕ್ಕೂ ಬಲಕ್ಕೂ ಸರಿಯುತ್ತಾ ಹೋಗಬೇಕು, ನಾಲ್ಕು ತೂತಿಗೊಂದರಂತೆ. ಒಂದು ತುದಿಯಿಂದ ಶುರುಮಾಡಿದರೆ ಪ್ರತಿ ಕ್ಲೆಕೋದ ಕೂದಲೆಳೆಯಷ್ಟು ತಪ್ಪೂ ಮುಂದಕ್ಕೆ ತಳ್ಳಿಕೊಂಡು ಹೋಗಿ ಕೊನೆಯಲ್ಲಿ ಒಟ್ಟಾಗುತ್ತದೆ. ನಡುವಿನಿಂದ ಹೊರಟರೆ ಅದು ಎರಡೂ ಕಡೆ ಹಂಚಿಹೋಗುತ್ತದೆ. ಆ ದಿನ ಕಾದು ಕಾದು ಹೊತ್ತಾಗಿತ್ತು. ಹತ್ತಿರವಿದ್ದ ತುದಿಯಿಂದಲೇ ಕ್ಲೆಕೋ ಹಾಕಲಾಯಿತು: 1, 5, 9 ಹೀಗೆ. 89ರವರೆಗೆ ಹೋಯಿತು. 93ಕ್ಕೆ ಪಿನ್ನು ಒಳಗೆ ಇಳಿಯಲಿಲ್ಲ. ಹಾಗೇ ಬಿಟ್ಟರು.

ಅಲ್ಲಿ ಕೆಲಸ ನಿಲ್ಲಿಸಬೇಕಿತ್ತು. ಕ್ಲೆಕೋ ಒಂದು ಕಡೆ ಹೋಗಲಿಲ್ಲವೆಂದರೆ ಅದು ಕ್ಲೆಕೋದ ತೊಂದರೆಯಲ್ಲ. ತಗಡು ಮತ್ತು ಪಟ್ಟಿ ಒಂದರ ಮೇಲೊಂದು ಇರಬೇಕಾದ ಜಾಗದಲ್ಲಿ ಇಲ್ಲ ಅಂತ ಅದು ಹೇಳುತ್ತಿದೆ. ಎಲ್ಲ ಬಿಚ್ಚಿ ನಡುವಿನಿಂದ ಮತ್ತೆ ಹಾಕಲು ಇಪ್ಪತ್ತು ನಿಮಿಷ ಸಾಕು.

89ರ ಆಚೆ ಹಿಡಿತವಿಲ್ಲದ ಆ ತುದಿಯಲ್ಲೇ ಡ್ರಿಲ್ ನಡೆಯಿತು. ಡ್ರಿಲ್ ಒತ್ತಿದಾಗ ಒಳಗಿನ ಪಟ್ಟಿ ಹಿಂದಕ್ಕೆ ಬಾಗಿತು, ತುಸು ಪಕ್ಕಕ್ಕೂ ಸರಿಯಿತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಿಟ್ ಎರಡನ್ನೂ ದಾಟಿ ಹೋಗಿರುತ್ತದೆ, ಪುಡಿ ಉದುರುತ್ತದೆ. ಆಮೇಲೆ ಪಟ್ಟಿ ಬಿಚ್ಚಿ ಬರ್ ತೆಗೆಯುವುದು. ತೂತಿನ ಅಂಚಿನಲ್ಲಿ ಎದ್ದ ಚೂಪು ಲೋಹವನ್ನು ದೊಡ್ಡ ಬಿಟ್ ಕೈಯಲ್ಲೇ ಹಿಡಿದು ಒಂದೆರಡು ಸುತ್ತು ತಿರುಗಿಸಿದರೆ ಸಾಕು, ಇಳಿಜಾರು ಕೊರೆಯಬಾರದು. ತಗಡುಗಳ ನಡುವೆ ಒಂದು ಪುಡಿ ಉಳಿದರೂ ಸಂದಿ ಬಿಡುತ್ತದೆ, ರಿವೆಟ್ಟಿನ ಕಾಂಡ ಆ ಸಂದಿಯಲ್ಲಿ ಉಬ್ಬಿ ಎರಡು ತಗಡುಗಳನ್ನು ಶಾಶ್ವತವಾಗಿ ದೂರ ಹಿಡಿಯುತ್ತದೆ. ಮತ್ತೆ ಕೂಡಿಸಿದಾಗ 91 ಮತ್ತು 94ರಲ್ಲಿ ರಿವೆಟ್ ಹೋಗಲಿಲ್ಲ. ಡ್ರಿಲ್ ಇನ್ನೊಂದು ಸಲ ತೂರಿಸಿದರು, ರಿವೆಟ್ ಹೋಯಿತು. ತೂತು ಕೆಟ್ಟದ್ದು ಆ ಎರಡನೇ ಸಲ.

ಗೇಜ್ ಹಾಕಿ ನೋಡಿದ್ದೂ ಆಗಿತ್ತು. ಒಂದು ಪಿನ್ನು ತೂತಿಗೆ ಹೋಗಬೇಕು, ತುಸು ದಪ್ಪದ ಇನ್ನೊಂದು ಹೋಗಬಾರದು. ಹೊರಗಿನಿಂದ ಹಾಕಿದ ದಪ್ಪ ಪಿನ್ನು ಹೊರಗಿನ ತಗಡಿನಲ್ಲೇ ನಿಂತಿತು, ಆ ತೂತು ದುಂಡಗೇ ಇತ್ತು. ಒಳಗಿನ ಪಟ್ಟಿಯನ್ನು ಆ ಪಿನ್ನು ಮುಟ್ಟಲೇ ಇಲ್ಲ. ಪಟ್ಟಿಯ ತೂತಿಗೆ ಪಟ್ಟಿಯ ಕಡೆಯಿಂದಲೇ ಗೇಜ್ ಹಾಕಬೇಕು. ಇಷ್ಟು ಸರಳವಾದದ್ದು ಎಷ್ಟೋ ತಪಾಸಣಾ ಹಾಳೆಗಳಲ್ಲಿ ಇರುವುದಿಲ್ಲ, ಇರಲೇಬೇಕು.

ತಗಡುಗಳ ನಡುವಿನ ಸಂದಿ ಮುಚ್ಚುವ ಸೀಲಂಟ್ ಹಚ್ಚಿದ ಮೇಲೆ ಗಡಿಯಾರ ಓಡತೊಡಗುತ್ತದೆ. ಬಿ-2 ಅಂತ ಡಬ್ಬಿಯ ಮೇಲಿದ್ದರೆ ಬಿ ಅಂದರೆ ಗಟ್ಟಿ ಪೇಸ್ಟಿನಂಥದ್ದು, 2 ಅಂದರೆ 25 ಡಿಗ್ರಿಯಲ್ಲಿ ಎರಡು ಗಂಟೆ ಕೆಲಸಕ್ಕೆ ಸಿಗುತ್ತದೆ. ಸೆಕೆ ಏರಿದಷ್ಟೂ ಆ ಹೊತ್ತು ಬೇಗ ಕರಗುತ್ತದೆ. ಆದ್ದರಿಂದ ರಿವೆಟ್ ಹೊಡೆತ ತಡೆಯಿಲ್ಲದೆ ಸಾಗಬೇಕು. ಒಂದೊಂದಕ್ಕೂ ಕೆಲವೇ ಸೆಕೆಂಡು. ಹೆಚ್ಚು ಹೊತ್ತು ಬಡಿದರೆ ಲೋಹ ಗಟ್ಟಿಯಾಗಿ ಅಂಚು ಬಿರಿಯುತ್ತದೆ. ಒಳಗೆ ಮೂಡುವ ತಲೆಯ ಅಗಲ ವ್ಯಾಸದ ಒಂದೂವರೆ ಪಟ್ಟು, ಅಂದರೆ 6 ಮಿ.ಮೀ. ಇರಬೇಕು. ಎತ್ತರ ಅರ್ಧ ಪಟ್ಟು, 2 ಮಿ.ಮೀ.

91ರಲ್ಲಿ ತಲೆ ಒಂದು ಪಕ್ಕಕ್ಕೆ ಜಾರಿ ಕೂತಿತ್ತು. ಟಾರ್ಚ್ ಬಿಟ್ಟರೆ ಒಂದು ಬದಿಯಲ್ಲಿ ಉಗುರಿನಂಚಿನಷ್ಟು ಕಪ್ಪು ಸಂದಿ. ಒಳಗಿದ್ದವನು ಅದನ್ನು ನೋಡಿ ಮೂರು ತಟ್ಟಿದ. ಅದರ ಮೇಲೆ ಸೀಲಂಟ್ ಒರೆಸಿಬಿಟ್ಟಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ.

ಕೆಟ್ಟ ರಿವೆಟ್ ತೆಗೆಯುವುದಕ್ಕೂ ಕ್ರಮವಿದೆ. ಹೊರಗಿನ ತಲೆಯ ನಟ್ಟನಡುವೆ ಪಂಚ್‌ನಿಂದ ಗುರುತು, ಕಾಂಡಕ್ಕಿಂತ ಒಂದು ಅಳತೆ ಚಿಕ್ಕ ಬಿಟ್‌ನಿಂದ ತಲೆಯ ಆಳದಷ್ಟೇ ಕೊರೆತ, ಪಿನ್ ಪಂಚ್ ಇಟ್ಟು ಮೀಟಿ ತಲೆ ಮುರಿಯುವುದು, ಹಿಂದಿನಿಂದ ತಗಡಿಗೆ ಆಧಾರ ಕೊಟ್ಟು ಕಾಂಡವನ್ನು ಮೆಲ್ಲಗೆ ಹೊರಗೆ ತಳ್ಳುವುದು. ಪೂರ್ತಿ ಕೊರೆದು ಹಾಕಲು ಹೋದರೆ ಬಿಟ್ ಮೆತ್ತನೆಯ ಕಾಂಡದಿಂದ ಪಕ್ಕಕ್ಕೆ ಜಾರಿ ಉಳಿದ ತೂತನ್ನೂ ತಿನ್ನುತ್ತದೆ. ಕಾಂಡ ಹೊರಬಂದ ಮೇಲೆ ಪಟ್ಟಿಯ ತೂತು ಮೊಟ್ಟೆಯಂತೆ ಕಂಡಿತು. ಒಂದು ದಿಕ್ಕಿಗೆ ಅಳೆದರೆ 4.04, ಅದಕ್ಕೆ ಅಡ್ಡವಾಗಿ ಅಳೆದರೆ 4.34. ಒಳಗಿನಿಂದ ಗೇಜ್ ಹಾಕಿದಾಗ 92 ಸರಿ, 93 ಸರಿ, 94 ಮತ್ತೆ ಮೊಟ್ಟೆ. ಎರಡು ತೂತಿಗೂ ಕಪ್ಪು ಕ್ಲೆಕೋ ಹಾಕಿ, ಕೆಂಪು ಚೀಟಿ ಕಟ್ಟಿ, ಸೀಲಂಟ್ ಒಣಗುವುದರೊಳಗೆ ಉಳಿದ ರಿವೆಟ್‌ಗಳನ್ನು ಮುಗಿಸಲಾಯಿತು.

ಮುಂದಿನ ದೊಡ್ಡ ರಿವೆಟ್ ಹಾಕಿದರಾಯಿತು ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. 4.76 ಮಿ.ಮೀ. ರಿವೆಟ್, 4.85ರ ತೂತು, ಮೊಟ್ಟೆ ಅದರೊಳಗೆ ಅಳಿಸಿಹೋಗುತ್ತದೆ. ತೂತಿನ ನಡುವಿನಿಂದ ಪಟ್ಟಿಯ ಅಂಚಿಗೆ 12 ಮಿ.ಮೀ. ಇತ್ತು. ಅಂಚಿಗೆ ಹೊಸ ವ್ಯಾಸದ ಎರಡೂವರೆ ಪಟ್ಟಾದರೂ ದೂರ ಬೇಕು, ಅಂದರೆ 11.9, ಅದೂ ದಾಟುತ್ತದೆ. ಅಡ್ಡಿ ಇದ್ದದ್ದು ತಲೆಯಲ್ಲಿ. ಹೊರಮೈ ನುಣ್ಣಗಿರಬೇಕೆಂದು ರಿವೆಟ್ ತಲೆ ತಗಡಿನೊಳಗೆ ಹುದುಗಿರುತ್ತದೆ. ಈಗಿನ ರಿವೆಟ್ಟಿನ ತಲೆ 1.4 ಮಿ.ಮೀ. ಆಳ, 1.8ರ ತಗಡಿನಲ್ಲಿ ಕೆಳಗೆ 0.4 ಮಿ.ಮೀ. ನೇರ ಗೋಡೆ ಉಳಿಯುತ್ತದೆ. ದೊಡ್ಡ ರಿವೆಟ್ಟಿನ ತಲೆಯ ಆಳ 1.78. ಆಗ ಗೋಡೆಯೇ ಇರುವುದಿಲ್ಲ, ತೂತಿನ ಅಂಚು ಚಾಕುವಿನ ಬಾಯಿಯಂತಾಗುತ್ತದೆ. ಬಿರುಕು ಹುಟ್ಟುವುದು ಅಲ್ಲೇ. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಮೇಲ್ಛಾವಣಿ ಹಾರುತ್ತಿರುವಾಗಲೇ ಕಿತ್ತುಹೋಯಿತು. ತಗಡಿನ ಜೋಡಣೆಯ ಅಂಟು ಬಿಟ್ಟು ಭಾರವೆಲ್ಲ ಇಂಥ ಚಾಕುಬಾಯಿಯ ತೂತುಗಳ ಮೇಲೆ ಬಿದ್ದಿತ್ತು. ರಿವೆಟ್ ಸಾಲಿನಲ್ಲಿ ಚಿಕ್ಕ ಚಿಕ್ಕ ಬಿರುಕುಗಳು ಹುಟ್ಟಿ ಒಂದಕ್ಕೊಂದು ಸೇರಿಕೊಂಡಿದ್ದವು.

ಇದಕ್ಕೇ ತೂತಿನ ಪಕ್ಕದಲ್ಲಿ ನಿಂತವರು ತಾವೇ ಪರಿಹಾರ ತೀರ್ಮಾನಿಸಬಾರದು. ಜಪಾನ್ ಏರ್‌ಲೈನ್ಸ್‌ನ 123ನೇ ಹಾರಾಟದಲ್ಲಿ ಬಿದ್ದ ವಿಮಾನದ ಹಿಂಬದಿಯ ಒತ್ತಡದ ಗೋಡೆಯನ್ನು, ಅಂದರೆ ಒಳಗಿನ ಗಾಳಿಯ ಒತ್ತಡ ತಡೆಯುವ ಗೋಡೆಯನ್ನು, 1978ರಲ್ಲಿ ರಿಪೇರಿ ಮಾಡಿದಾಗ ಒಂದೇ ತುಂಡಾಗಿರಬೇಕಿದ್ದ ಜೋಡುಪಟ್ಟಿಯನ್ನು ಎರಡು ತುಂಡು ಮಾಡಿ ಕೂರಿಸಿದ್ದರು. ಎರಡು ಸಾಲು ಹೊರಬೇಕಾದ ಭಾರವನ್ನು ಒಂದೇ ಸಾಲು ರಿವೆಟ್ ಹೊತ್ತಿತು. ಏಳು ವರ್ಷ ಹೊತ್ತು 1985ರ ಆಗಸ್ಟ್ 12ರಂದು ಕೈಬಿಟ್ಟಿತು. 520 ಜನ ಸತ್ತರು. ಅಲ್ಲೂ ರಿವೆಟ್‌ಗಳು ಇದ್ದವು, ಪಟ್ಟಿಯೂ ಇತ್ತು.

ಚೀಟಿಯ ಮೇಲೆ ತೂತಿನ ನಂಬರು, ಎರಡೂ ಕಡೆಯ ಅಳತೆ, ಉದ್ದನೆಯ ಬದಿ ಯಾವ ದಿಕ್ಕಿಗಿದೆ, ಅಂಚಿಗೆ ಎಷ್ಟು ದೂರ, ಪಕ್ಕದ ತೂತುಗಳ ಸ್ಥಿತಿ ಎಲ್ಲ ಬರೆದು ವಿನ್ಯಾಸ ವಿಭಾಗಕ್ಕೆ ಹೋಯಿತು. ಡ್ರಿಲ್ ಎರಡು ಸಲ ತೂರಿಸಿದ್ದನ್ನೂ 93ಕ್ಕೆ ಕ್ಲೆಕೋ ಇರಲಿಲ್ಲ ಎನ್ನುವುದನ್ನೂ ಬರೆಯಲಾಯಿತು. ಅದನ್ನು ಬರೆದವನನ್ನು ಯಾರೂ ಗದರಲಿಲ್ಲ, ಅದು ಮುಖ್ಯ. ಗದರಿದರೆ ಮುಂದಿನ ಸಲ ಮೂರು ತಟ್ಟು ಬೀಳುವುದಿಲ್ಲ.

ಉತ್ತರ ಸಂಜೆ ಬಂತು. ಕಾಂಡ ದೊಡ್ಡ ಅಳತೆಯದು, ತಲೆ ಮಾತ್ರ ಹಳೆಯ ಅಳತೆಯದೇ ಇರುವ ವಿಶೇಷ ರಿವೆಟ್ ಹಾಕಿ ಅಂತ. ಇಂಥ ಸಂದರ್ಭಕ್ಕೆಂದೇ ಅವು ತಯಾರಾಗುತ್ತವೆ. ಪಟ್ಟಿಗೆ ಹಿಂದಿನಿಂದ ಮರದ ದಿಮ್ಮಿಯ ಆಧಾರ ಕೊಟ್ಟು 11ನೇ ನಂಬರಿನ ಬಿಟ್‌ನಿಂದ ಎರಡು ತೂತನ್ನೂ ಅಗಲಿಸಿ, ಗೇಜನ್ನು ಈ ಸಲ ಎರಡೂ ಕಡೆಯಿಂದ ಹಾಕಿ, ಬರ್ ತೆಗೆದು, ರಿವೆಟ್ಟನ್ನು ಹಸಿ ಸೀಲಂಟ್‌ನಲ್ಲಿ ಅದ್ದಿ ಕೂರಿಸಲಾಯಿತು. ದೊಡ್ಡ ಕಾಂಡಕ್ಕೆ ಭಾರದ ಬಾರ್ ಬೇಕು, ಅದನ್ನೂ ಬದಲಾಯಿಸಿದ್ದಾಯಿತು. 94ಕ್ಕೆ ಮೊದಲು ಒಂದು ತಟ್ಟು, ಇನ್ನೂ ಸ್ವಲ್ಪ ಹೊಡೆದ ಮೇಲೆ ಎರಡು. 91ಕ್ಕೆ ನೇರವಾಗಿ ಎರಡು.

ಆಮೇಲೆ ಕ್ಲೆಕೋ ಎಣಿಕೆ, ಬಿಟ್ ಎಣಿಕೆ, ಪುಡಿ ಹೀರುವ ಕೆಲಸ. ಪಕ್ಕದ ಪಟ್ಟಿಗೆ ರಾತ್ರಿಯ ಶಿಫ್ಟಿನವರು ಬಂದಾಗ 48ನೇ ತೂತಿನಲ್ಲಿ ಬೆಳ್ಳಿ ಕ್ಲೆಕೋ ಒಂದನ್ನು ಆಗಲೇ ಹಾಕಿಟ್ಟಾಗಿತ್ತು.