ಕುರ್ಚಿ ಬಿಟ್ಟು ನೆಲಕ್ಕೆ
ಉಡುಪಿಯ ಕೃಷ್ಣಮಠದಲ್ಲಿ ಊಟದ ಪಂಕ್ತಿ ಏಳುವಾಗ ಎಪ್ಪತ್ತು ದಾಟಿದ ಅಜ್ಜಿಯಂದಿರು ಸಲೀಸಾಗಿ ಎದ್ದು ನಡೆದರೆ, ಮಣಿಪಾಲದ ಕಚೇರಿಯಲ್ಲಿ ದಿನವಿಡೀ ಕುರ್ಚಿ ಬಿಡದ ನನ್ನಂಥವರು ಪಕ್ಕದವರ ಹೆಗಲು ಹುಡುಕುತ್ತೇವೆ. ಗಂಟೆಗಟ್ಟಲೆ ಕುಳಿತಿದ್ದರೆ ಸೊಂಟದ ಮುಂಭಾಗದ ಸ್ನಾಯುಗಳು ಬಿಗಿಯುತ್ತವೆ, ಪೃಷ್ಠದ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಸುಮಾರು 5 ಕಿಲೋ ತೂಗುವ ತಲೆಯನ್ನು ಮೊಬೈಲಿನತ್ತ ಬಾಗಿಸಿದಷ್ಟೂ ಕತ್ತಿನ ಹಿಂಭಾಗಕ್ಕೆ ಹೊರೆ ಹೆಚ್ಚುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. (ನಮ್ಮ ತುಳುನಾಡಿನ ಆಟಿ ತಿಂಗಳ ಮಳೆಯನ್ನು ಅದು ಕಂಡಿರಲಾರದು.) ಹಾಗಾಗಿ ಮಳೆಗಾಲದ ನಡಿಗೆ ಮಹಡಿಯ ಮೆಟ್ಟಿಲುಗಳ ಮೇಲೆಯೇ ಸಾಗುತ್ತದೆ. ತೆಂಗಿನಕಾಯಿ ತುರಿಯಲು ನಾನೀಗ ನೆಲದ ಹೆರೆಮಣೆಯ ಮೇಲೆ ಮೊಣಕಾಲು ಮಡಚಿ ಕೂರುತ್ತೇನೆ. ಏಳುವಾಗ ಕೈ ಊರದೆ, ಪಾದಗಳ ಮೇಲೆ ಭಾರ ಹಾಕಿ ಏಳುತ್ತೇನೆ. ಮಂಡಿನೋವಿದ್ದವರು ಮಾತ್ರ ಮೊದಲು ಫಿಸಿಯೋಥೆರಪಿಸ್ಟರನ್ನು ಕೇಳುವುದು ಒಳ್ಳೆಯದು.